ಮಧ್ಯಾಹ್ನದ ಮುದಕವ್ವ

ಹೆಸರು ಮುದಕವ್ವ, ವಯಸ್ಸು ಎರಡು. ತೀರಿಹೋದ ಅಜ್ಜಿಯ ಹೆಸರು ಹೊತ್ತ ಕೂಸಿಗೆ ಹಟವೂ ಅಜ್ಜಿಯದೇ ಬಂದಿತ್ತು. ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಶುರುವಾಗಿ ನಾಲ್ಕೈದು ವರ್ಷವಾಗಿದ್ದ ಕಾಲ. ಅಪ್ಪ ಪರಸಪ್ಪನಿಗೆ ರಾತ್ರಿಪಾಳಿ, ಹಗಲು ಮಲಗಬೇಕು. ಮಗಳೋ, ಮಧ್ಯಾಹ್ನ ಕಣ್ಣು ಮುಚ್ಚುವವಳಲ್ಲ. ಒಂದೇ ಕೋಣೆಯ ಮನೆ. ತಾಯಿ ಶಂಕ್ರೆವ್ವ ತೂಗಿ, ಬೈದು, ಕಡೆಗೆ ತಾನೂ ಅಳುತ್ತಿದ್ದಳು.

ಇದೆಲ್ಲ ಗೋಡೆಯಾಚೆ ಮಾಲವ್ವನಿಗೆ ಕೇಳುತ್ತಿತ್ತು. ಮದುವೆಯಾಗಿ ಹನ್ನೆರಡು ವರ್ಷವಾದರೂ ಅವಳ ಮಡಿಲು ಬರಿದು. ಗಂಡ ಗೂಳಪ್ಪ ಬೆಳಿಗ್ಗೆ ಕಾರ್ಖಾನೆಯ ಭೋಂಗಾ ಕೂಗಿದಾಗ ಹೋದರೆ ಸಂಜೆ ಬರುವವನು. ಬಂದರೂ ಕೇಳಿದ್ದಕ್ಕೆ ಹೂಂ, ಇಲ್ಲವೇ ಉಹೂಂ. ತವರಿನಲ್ಲಿ ಐದು ಮಂದಿ ತಮ್ಮತಂಗಿಯರನ್ನು ಮಲಗಿಸಿ ಬೆಳೆಸಿದ ಕೈ ಮಾಲವ್ವನದು. ಆದರೆ ಬಂಜೆಯ ಕಣ್ಣು ಕೂಸಿಗೆ ತಾಗುತ್ತದೆ ಎನ್ನುವ ಜನ, ಅವರ ನಾಲಿಗೆಗೆ ಹುಳ ಬೀಳಲಿ! ಕರೆಯದೆ ಹೋಗುವುದು ಹೇಗೆ?

ಒಂದು ದಿನ ಶಂಕ್ರೆವ್ವನೇ ಕೂಸನ್ನು ತಂದು ಅವಳ ಮಡಿಲಿಗೆ ಹಾಕಿದಳು. “ಅಕ್ಕಾ, ನೀವರ ಮಲಗಸ್ರಿ. ನಮ್ಮನಿಯವರು ನಿನ್ನೆ ಮಷೀನಿನ ಮುಂದ ನಿಂತಲ್ಲೇ ತೂಕಡಿಸ್ಯಾರಂತ. ಕೈ ಹೋದ್ರ ಏನ್ ಮಾಡ್ಲಿ?”

ಮಾಲವ್ವ ಕಿಟಕಿಗೆ ಗೋಣಿತಟ್ಟು ಇಳಿಬಿಟ್ಟಳು. ಕೌದಿ ಹಾಸಿ, ಮಗ್ಗುಲಲ್ಲಿ ಮಲಗಿ ಬೆನ್ನು ತಟ್ಟಿದಳು. ತುಸು ಹೊತ್ತಿಗೆ ಕೂಸು ಹೆಸರಿಗೆ ತಕ್ಕಂತೆ ಗೊರಕೆ ಹೊಡೆಯತೊಡಗಿತು.

ಅಂದಿನಿಂದ ದಿನವೂ ಉಂಡ ಮೇಲೆ ಕೂಸು ಬಂತು. ಬೆಳಗೆಲ್ಲ ಅದಕ್ಕಾಗಿ ಕಾಯುವುದು, ಮಲಗಿದ ಮೇಲೆ ಬೆವರಿದ ನೆತ್ತಿ ಮೂಸುವುದು. ಮಾಲವ್ವನಿಗೆ ಅಷ್ಟು ಸುಖ ಸಾಕಿತ್ತು.

“ನನಗೂ ಕಲಸ್ರಿ ಅಕ್ಕಾ,” ಎಂದು ಶಂಕ್ರೆವ್ವ ಕೇಳಿದಾಗ ಮಾಲವ್ವ ಗೋಣಿತಟ್ಟು ಹೇಳಿದಳು, ಕೌದಿ ಹೇಳಿದಳು, ದಿನಾ ಒಂದೇ ಹೊತ್ತಿಗೆ ಎಂದಳು. ಒಂದನ್ನು ಮಾತ್ರ ನುಂಗಿಕೊಂಡಳು: ಕಣ್ಣು ಮುಚ್ಚಿದ ಕೂಡಲೇ ಏಳಬಾರದು, ತಟ್ಟುವ ಕೈಯನ್ನು ನಿಧಾನ ಮಾಡುತ್ತ ಮಾಡುತ್ತ ಬಿಡಬೇಕು. ಶಂಕ್ರೆವ್ವ ಕೂಸು ಕಣ್ಣು ಮುಚ್ಚಿತೆಂದು ಮುಸುರೆ ತಿಕ್ಕಲು ಎದ್ದಳು, ಕೂಸು ಚೀರಿತು. ಮರುದಿನ ಮತ್ತೆ ಮಾಲವ್ವನ ಬಾಗಿಲು. ಮಾಲವ್ವನಿಗೆ ಹಾಲು ಕುಡಿದಷ್ಟು ಸಂತೋಷ.

ಆದರೆ ಶಂಕ್ರೆವ್ವ ಕೂಸನ್ನು ಬಿಟ್ಟು ಹೋಗಲಿಲ್ಲ. ಗೋಡೆಗೆ ಒರಗಿ ಕುಳಿತಳು. “ಹಡದವ್ವನ ಕೈಲೆ ಆಗಲಾರದ್ದು ನಿಮ್ಮ ಕೈಲೆ ಆಗತೈತಿ. ನಾ ಎಂಥಾ ತಾಯಿರೀ ಅಕ್ಕಾ? ನನ್ನ ಕಂಡ್ರ ಕೂಸಿಗೆ ಆಗಂಗಿಲ್ಲ.”

ಮಾಲವ್ವನಿಗೆ ನಾಚಿಕೆಯಿಂದ ಮೈ ಹಿಡಿಯಾಯಿತು. ತನಗೆ ಕೂಸಿಲ್ಲವೆಂದು ಇನ್ನೊಬ್ಬಳ ಕೂಸನ್ನು ಅವಳಿಂದ ದೂರ ಮಾಡುವುದೇ? ಕೂಸನ್ನು ಕೌದಿಯ ಮೇಲೆ ಹಾಕಿ, ಶಂಕ್ರೆವ್ವನ ಕೈ ಹಿಡಿದು ಅದರ ಬೆನ್ನ ಮೇಲಿಟ್ಟು, ಆ ಕೈ ಮೇಲೆ ತನ್ನ ಕೈ ಇಟ್ಟಳು.

“ಏಳಬ್ಯಾಡ. ಕಣ್ಣ ಮುಚ್ಚೇತಿ, ಇನ್ನೂ ಮಲಗಿಲ್ಲ. ಮೆಲ್ಲಕ ತಟ್ಟು. ಇನ್ನೂ ಮೆಲ್ಲಕ. ಹಾಂ, ಈಗ ಬಿಡು. ಇದೊಂದು ನಾನು ನಿನಗ ಹೇಳಿರಲಿಲ್ಲ ತಂಗಿ.”

ಶಂಕ್ರೆವ್ವ ತಟ್ಟಿದ ತನ್ನ ಅಂಗೈಯನ್ನೇ ನೋಡಿಕೊಂಡಳು.

ಮರುದಿನ ಕೂಸು ಬರಲಿಲ್ಲ. ಅದರ ಮರುದಿನವೂ ಇಲ್ಲ. ಗೋಡೆಯಾಚೆ ಅಳುವೂ ಇಲ್ಲ. ಮೂರನೆಯ ದಿನ ಮನೆಯ ಮೌನ ತಡೆಯಲಾರದೆ ಮಾಲವ್ವ ಒರಳಿಗೆ ಶೇಂಗಾ ಹಾಕಿ ಕುಟ್ಟತೊಡಗಿದಳು. ಡಬ್ಬಿಯಲ್ಲಿ ಚಟ್ನಿಪುಡಿ ಬೇಕಾದಷ್ಟಿತ್ತು.

ಬಾಗಿಲಲ್ಲಿ ಶಂಕ್ರೆವ್ವ ಕಾಣಿಸಿದಳು. ನಿದ್ದೆಯಾದ ಮುಖದಲ್ಲಿ ಕಳೆ ಬಂದಿತ್ತು. ಬೆರಳು ತುಟಿಯ ಮೇಲೆ.

“ಸಿಟ್ಟಾಗಬ್ಯಾಡ್ರಿ ಅಕ್ಕಾ, ಒಂದೀಟು ಆಮ್ಯಾಲೆ ಕುಟ್ರಿ. ಮುದಕವ್ವ ಮಲಗ್ಯಾಳ.”

“ಮಲಗ್ಲಿ ತಂಗಿ, ಮಲಗ್ಲಿ,” ಎಂದು ಮಾಲವ್ವ ಒನಕೆ ಕೆಳಗಿಟ್ಟಳು. ಬಾಯಾರಿತ್ತು. ಸದ್ದಾದೀತೆಂದು ಸಂಜೆಯ ತನಕ ನೀರಿನ ಕೊಡದ ಮುಚ್ಚಳವನ್ನೂ ತೆಗೆಯಲಿಲ್ಲ.