ಬೆಟ್ಟಕ್ಕೆ ಸೂರಿಲ್ಲ

ಪುಟ್ಟಸ್ವಾಮಿಯ ಮನೆಯ ಜಗಲಿ ಅಂದು ಸಂತೆಯಾಗಿತ್ತು. ಬ್ಯಾಗಿನ ಸುತ್ತ ಸಾಕ್ಸು, ಟಾರ್ಚು, ಸೋಮಮ್ಮ ಮಗಳಿಗೆಂದು ಕರಿದಿಟ್ಟ ಕೋಡುಬಳೆ. ಸೌಂದರ್ಯ ಕೂತಲ್ಲಿ ಕೂರುತ್ತಿರಲಿಲ್ಲ. ಕಾಲೇಜಿನಿಂದ ಹಿಮಾಲಯದ ಚಾರಣಕ್ಕೆ ಆಯ್ಕೆಯಾದ ಹುಡುಗಿಯರಲ್ಲಿ ಅವಳೂ ಒಬ್ಬಳು. ಬೆನ್ನಿಗೆ ಬ್ಯಾಗು, ರಾತ್ರಿ ಡೇರೆ, ಕೊನೆಗೆ ಬೆಟ್ಟದ ತುದಿ!

ಒಂದೇ ಕೆಲಸ ಬಾಕಿಯಿತ್ತು. ಒಳಗೆ ತೂರಿಕೊಂಡು ಮಲಗುವ ಸ್ಲೀಪಿಂಗ್ ಬ್ಯಾಗ್ ತೆಳುವಾದದ್ದು ಬೇಕೋ ದಪ್ಪದ್ದು ಬೇಕೋ ಎಂದು ಚಾರಣದವರಿಗೆ ಇವತ್ತೇ ತಿಳಿಸಬೇಕು. ಬೆಟ್ಟ ಹತ್ತಿದ ಮೇಲೆ ಬದಲಾಯಿಸಲು ಆಗುವುದಿಲ್ಲ.

"ತೆಳುವಾದ್ದೇ ಸಾಕು ಕಣಪ್ಪಾ. ಭಾರ ಕಮ್ಮಿ. ಫೋನ್ ನೋಡು, ರಾತ್ರಿ ಹತ್ತು ಡಿಗ್ರಿ ಅಂತೆ. ಮಾಗೀಲಿ ನಮ್ಮೂರೂ ಹತ್ತತ್ರ ಇಂಗೇ ಅಲ್ವಾ?"

"ಅಂಗೇ ಬರ್ದು ಕಳ್ಸು. ಮೇಲಕ್ಕೋದಂಗೆಲ್ಲಾ ಸೆಕೆ ಜಾಸ್ತಿ. ನಂಗೊತ್ತಿಲ್ವಾ?" ಪುಟ್ಟಸ್ವಾಮಿ ಹಿತ್ತಲ ಬ್ಯಾರನ್ ಕಡೆ ಕೈ ತೋರಿದ. ಹೊಗೆಸೊಪ್ಪು ಹದ ಮಾಡುವ ಆ ಎತ್ತರದ ಕೋಣೆಯಲ್ಲೇ ಅವನ ಅರ್ಧ ಆಯಸ್ಸು ಕಳೆದಿತ್ತು. "ಸೊಪ್ಪಿಳ್ಸಕ್ಕೆ ಮೇಲಿನ ಗಳುಕ್ಕೆ ಹತ್ತಿ ನೋಡು, ಬೆವರು ಕಿತ್ಕೊಂಡು ಬತ್ತದೆ. ಬೆಟ್ಟದ ತುದಿ ಅಂದ್ರೆ ಸೂರ್ಯಂಗೆ ಇನ್ನೂ ಹತ್ರ!"

"ಅಂಗಾದ್ರೆ ಒಂದು ಬೀಸಣಿಗೇನೂ ಇಡ್ಲಾ?" ಎಂದು ಸೋಮಮ್ಮ ಒಳಗಿಂದಲೇ ಕುಟುಕಿದಳು.

ಅಷ್ಟರಲ್ಲಿ ಪಕ್ಕದ ಬೀದಿಯ ಸುಕನ್ಯ ಬಂದಳು. ಹೋದ ವರ್ಷ ಇದೇ ಬೆಟ್ಟ ಹತ್ತಿ ಬಂದವಳು. ಮಾತು ಕಿವಿಗೆ ಬಿದ್ದದ್ದೇ ಓಡಿಬಂದು ಫೋನಿಗೆ ಕೈ ಅಡ್ಡ ಹಿಡಿದಳು.

"ಇರು ಕಣೇ, ಕಳಿಸ್ಬ್ಯಾಡ! ಹೋದ್ಸಲ ನಮ್ ಗುಂಪಿನ ಒಬ್ಳು ತೆಳು ಚೀಲ ತಂದು ರಾತ್ರಿಯೆಲ್ಲಾ ನಡುಗಿದ್ಳು. ತುದಿ ಕಣ್ಮುಂದೇ ಇತ್ತು, ಆದ್ರೂ ಬೆಳಿಗ್ಗೆ ಅವಳನ್ನ ಕೆಳಕ್ಕೆ ಕಳಿಸ್ಬೇಕಾಯ್ತು. ಆ ಹತ್ತು ಡಿಗ್ರಿ ಯಾವ ಜಾಗದ್ದು?"

"ಬಸ್ ಇಳಿಯೋ ಊರಿಂದು."

"ನೀನು ಮಲಗೋದು ಬಸ್ಟ್ಯಾಂಡಲ್ಲೇನೇ?"

ಸೌಂದರ್ಯಳ ಬೆರಳು ಫೋನಿನ ಮೇಲೇ ನಿಂತುಬಿಟ್ಟಿತು. ತುದಿ ಕಾಣದೆ ವಾಪಸ್ ಬರುವುದೆಂದರೆ!

"ಆ ಊರು ಎರಡು ಸಾವಿರ ಮೀಟರ್ ಎತ್ತರದಲ್ಲಿ ಅದೆ. ಮೇಲಿನ ಡೇರೆ ಮೂರೂವರೆ ಸಾವಿರದಲ್ಲಿ. ಸಾವಿರ ಮೀಟರ್ ಹತ್ತಿದ್ರೆ ಸುಮಾರು ಆರೂವರೆ ಡಿಗ್ರಿ ಇಳೀತದೆ. ಈಗ ನೀನೇ ಲೆಕ್ಕ ಹಾಕು," ಎಂದಳು ಸುಕನ್ಯ.

"ಒಂದೂವರೆ ಸಾವಿರಕ್ಕೆ... ಹತ್ತತ್ರ ಹತ್ತು. ಹತ್ತರಲ್ಲಿ ಹತ್ತು ಕಳದ್ರೆ... ಅಯ್ಯೋ, ಸೊನ್ನೆ!"

"ಬುಡವ್ವಾ," ಎಂದ ಪುಟ್ಟಸ್ವಾಮಿ. "ಅಂಗಾದ್ರೆ ನಮ್ಮ ಬ್ಯಾರನ್ನೇ ಸುಳ್ಳಾ?"

"ಸುಳ್ಳಲ್ಲ ಮಾವ. ಬ್ಯಾರನ್‌ಗೆ ಸೂರು ಅದೆ. ಬಿಸಿಗಾಳಿ ಓಗಕ್ಕೆ ದಾರಿ ಇಲ್ದೆ ಮೇಲೆ ಕೂತ್ಕತದೆ. ಬೆಟ್ಟಕ್ಕೆ ಸೂರು ಎಲ್ಲದೆ? ಬನ್ನಿ ಇಲ್ಲಿ."

ಸುಕನ್ಯ ಅವನನ್ನು ಅಂಗಳದ ಬೈಕಿನ ಹತ್ತಿರ ಕರೆದೊಯ್ದಳು. ಚಕ್ರದ ವಾಲ್ವಿನ ಮುಚ್ಚಳ ತೆಗೆದು, ಅದರೆದುರು ಅವನ ಬೆರಳಿಟ್ಟು, ಪಿನ್ನು ಒತ್ತಿದಳು. ಉಸ್ಸೆಂದು ಗಾಳಿ ನುಗ್ಗಿತು.

"ಎಲಾ ಇವಳಾ! ತಣ್ಣಗದೆ!"

"ಇಕ್ಕಟ್ಟಲ್ಲಿದ್ದ ಗಾಳಿ ಹೊರಗೆ ಬಂದು ಹಿಗ್ಗಿತು, ತಣ್ಣಗಾಯ್ತು. ಮೇಲೆ ಒತ್ತಡ ಕಮ್ಮಿ, ಅದುಕ್ಕೇ ಮೇಲಕ್ಕೇರೋ ಗಾಳೀನೂ ಇಂಗೇ ಹಿಗ್ಗಿ ತಣ್ಣಗಾಯ್ತದೆ ಮಾವ."

ಪುಟ್ಟಸ್ವಾಮಿ ತನ್ನ ಬೆರಳನ್ನೇ ನೋಡುತ್ತ ನಿಂತ. ಆಮೇಲೆ ಅವನೇ ಮೆಲ್ಲಗೆ ಕೇಳಿದ.

"ರಾಗಿ ಕಣದಲ್ಲಿ ಕಾವಲು ಮಲಗ್ತಿದ್ದಾಗ, ಮೋಡ ಇಲ್ದಿದ್ ರಾತ್ರಿ ಚಳಿ ಕಚ್ಚೋದು. ಕೆರೆ ಕೆಳಗಿನ ತಗ್ಗಲ್ಲಂತೂ ಇನ್ನೂ ಜಾಸ್ತಿ. ಅಲ್ಲೂ ಅಂಗೇಯಾ?"

"ಅಂಗೇ ಮಾವ! ಆ ಡೇರೆ ಜಾಗಾನೂ ತಗ್ಗೇ, ಅದುಕ್ಕೇ ಇನ್ನೊಂದೈದು ಡಿಗ್ರಿ ಕಳೀಬೇಕು."

"ಮೈನಸ್ ಐದು!" ಸೌಂದರ್ಯ ಕುಣಿದೇಬಿಟ್ಟಳು. ಅದು ಭಯವೋ ಖುಷಿಯೋ ಅವಳಿಗೇ ತಿಳಿಯಲಿಲ್ಲ.

"ನಮ್ಮ ಬ್ಯಾರನ್ ಥರ್ಮಾಮೀಟರ್‌ನಾಗೆ ಅದೆಷ್ಟವ್ವಾ?"

"ಅದು ಫ್ಯಾರನ್‌ಹೀಟ್ ಅಲ್ವಾ ಮಾವ, ಅದರಲ್ಲಿ ಇಪ್ಪತ್ಮೂರು."

"ಅಷ್ಟು ಕೆಳಗೆ ಅದ್ರಲ್ಲಿ ಅಂಕೀನೇ ಇಲ್ವಲ್ಲೇ! ದಪ್ಪದ್ದೇ ಬರಿ ಮಗಳೇ. ಭಾರ ಆದ್ರೆ ಕೋಡ್ಬಳೆ ಕಮ್ಮಿ ಮಾಡು."

"ಕೋಡ್ಬಳೆ ಮುಟ್ಟಿ ನೋಡಿ, ಗೊತ್ತಾಯ್ತದೆ!" ಸೋಮಮ್ಮ ಸೌಟು ಹಿಡಿದೇ ಹೊರಬಂದಳು.

ಸುಕನ್ಯ ನಗುತ್ತಲೇ ಹೇಳಿದಳು: "ಚೀಲದ ಮೇಲೆ ಒಂದಕ್ಕಿಂತ ಹೆಚ್ಚು ಅಂಕಿ ಇರ್ತದೆ ಕಣೇ. 'ಲಿಮಿಟ್' ಅಂದ್ರೆ ಮುದುರ್ಕೊಂಡು ಹೆಂಗೋ ತಡ್ಕಳೋ ಚಳಿ, ಅದನ್ನ ನಂಬಬ್ಯಾಡ. 'ಕಂಫರ್ಟ್', ಅಂದ್ರೆ ಹಾಯಾಗಿ ನಿದ್ದೆ ಬರೋ ಅಂಕಿ, ಮೈನಸ್ ಐದೋ, ಅದಕ್ಕೂ ಕೆಳಗೋ ಇರ್ಲಿ. ಒಂದು ಜೊತೆ ಒಣಬಟ್ಟೆ, ಒಣ ಸಾಕ್ಸು ರಾತ್ರಿಗೇ ಅಂತ ಎತ್ತಿಡು."

ಸೌಂದರ್ಯ ಮೆಸೇಜು ಕಳಿಸಿದಳು: ದಪ್ಪದ್ದು.

ಚಾರಣ ಮುಗಿಸಿ ಕೆಳಗಿಳಿದವಳೇ ಮನೆಗೆ ಫೋನ್ ಮಾಡಿದಳು. "ಅಪ್ಪಾ, ತುದಿ ಮುಟ್ಟಿದೆ! ಡೇರೆ ಹೊರಗಿಟ್ಟ ಬಾಟ್ಲಿ ನೀರು ಬೆಳಿಗ್ಗೆ ಕಲ್ಲಾಗಿತ್ತು! ನಾನು ಮಾತ್ರ ಗೊರಕೆ ಹೊಡೀತಿದ್ನಂತೆ!"

ಪುಟ್ಟಸ್ವಾಮಿ ಬೀದಿಗೆಲ್ಲ ಕೇಳುವಂತೆ ನಕ್ಕ. ಫೋನಿಟ್ಟ ಮೇಲೆ ಬ್ಯಾರನ್ನಿನ ಸೂರನ್ನೂ ಅದರಾಚೆಯ ಬರಿಯ ಆಕಾಶವನ್ನೂ ಬಹಳ ಹೊತ್ತು ನೋಡುತ್ತ ಕೂತ.

ಬೆಟ್ಟಕ್ಕೆ ಹೊರಟಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಫೋನು ತೋರಿಸುವುದು ಊರಿನ ಚಳಿಯನ್ನು. ನೀವು ಮಲಗುವ ಜಾಗ ಆ ಊರಿಗಿಂತ ಎಷ್ಟು ಎತ್ತರ ಎಂದು ಮೊದಲು ಕೇಳಿ. ಊರಿನ ರಾತ್ರಿಯ ಡಿಗ್ರಿಯಲ್ಲಿ ಸಾವಿರ ಮೀಟರಿಗೆ ಆರೂವರೆಯಂತೆ ಕಳೆಯಿರಿ. ಮೋಡವಿಲ್ಲದ ಆಕಾಶಕ್ಕೆ, ತಗ್ಗಿನ ಜಾಗಕ್ಕೆ ಇನ್ನೈದು ಕಳೆಯಿರಿ. ಗಾಳಿ ಬೀಸಿದರೆ ಚಳಿ ಇನ್ನೂ ಕಚ್ಚುತ್ತದೆ ಎಂಬುದನ್ನು ಮರೆಯಬೇಡಿ. ಇದು ಅಂದಾಜು ಮಾತ್ರ. ಅನುಮಾನ ಬಂದರೆ ಬೆಚ್ಚಗಿನದನ್ನೇ ಆರಿಸಿ.

ಬೆಟ್ಟಕ್ಕೆ ಸೂರಿಲ್ಲ. ನಿಮ್ಮ ಸೂರನ್ನು ನೀವೇ ಬೆನ್ನ ಮೇಲೆ ಹೊತ್ತು ಹೋಗಿ.