ಮಳೆಗಾಲವಿಲ್ಲದ ಕಪಾಟು

ನಮ್ಮ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದ ಕಪಾಟಿನಲ್ಲಿ ಮಳೆಗಾಲವೇ ಇರಲಿಲ್ಲ. ಕಾರವಾರದಲ್ಲಿ ಕೂತು ಈ ಮಾತು ಹೇಳಿದರೆ ಯಾರಾದರೂ ನಗುತ್ತಾರೆ. ಜೂನ್ ತಿಂಗಳಲ್ಲಿ ಒಗೆದ ಬನಿಯನನ್ನು ಸೆಪ್ಟೆಂಬರಿನವರೆಗೆ ಒದ್ದೆಯಾಗಿಯೇ ಹಾಕಿಕೊಳ್ಳುವ ಊರು ನಮ್ಮದು. ಆದರೆ ಕಪಾಟು ತೆಗೆದು ನೋಡಿ. ಎರಡು ಸಾವಿರದ ಮೇಲೆ ಹಾಳೆಗಳು, ಹಾಳೆಗೊಂದರಂತೆ ಒಣಗಿಸಿ ಅಂಟಿಸಿದ ಗಿಡ, ಬಲಗಡೆ ಮೂಲೆಯಲ್ಲಿ ಚೀಟಿ. ಇಂಥ ಸಂಗ್ರಹಕ್ಕೆ ಹರ್ಬೇರಿಯಂ ಎನ್ನುತ್ತಾರೆ. ಚೀಟಿಯಲ್ಲಿ ಗಿಡದ ಹೆಸರು, ಸಿಕ್ಕಿದ ಊರು, ತಾರೀಕು, ಕಿತ್ತು ತಂದವರ ಹೆಸರು. ತಾರೀಕೆಲ್ಲ ನವೆಂಬರಿನಿಂದ ಮೇ ತನಕ. ಊರು ಹೆಚ್ಚಾಗಿ 'ರಾಮನಗುಳಿ, ರಸ್ತೆ ಬದಿ'. ತಂದವರು ಒಬ್ಬರೇ, ಪ್ರೊಫೆಸರ್ ದೇವಿದಾಸ.

ರಾಮನಗುಳಿಯೇ ಯಾಕೆ ಅಂದರೆ, ದೇವಿದಾಸ ಸರ್‌ಗೆ ಅಲ್ಲಿಯ ಹೋಟೆಲಿನ ಬನ್ಸ್ ಸೇರುತ್ತಿತ್ತು. ಜೀಪು ಅಲ್ಲಿ ನಿಲ್ಲುತ್ತಿತ್ತು. ಸರ್ ಬನ್ಸ್ ತಿಂದು, ಚಾ ಕುಡಿದು, ಕೈಗೆ ಎಟುಕುವಷ್ಟು ದೂರದಲ್ಲಿ ಏನು ಬೆಳೆದಿದೆಯೋ ಅದನ್ನು ನನ್ನಿಂದ ಕೀಳಿಸುತ್ತಿದ್ದರು. ನಾನು, ಅಂದರೆ ಅಟೆಂಡರ್ ಸೋಮು, ಅದನ್ನು ಪೇಪರಿನ ನಡುವೆ ಇಟ್ಟು ಹಗ್ಗ ಬಿಗಿಯುತ್ತಿದ್ದೆ. ಹೀಗೆ ಹನ್ನೆರಡು ವರ್ಷ ಬನ್ಸ್ ತಿಂದು ಅವರು ಜಿಲ್ಲೆಯ ಸಸ್ಯಗಳ ಬಗ್ಗೆ ಒಂದು ದಪ್ಪ ಪುಸ್ತಕ ಬರೆದರು. ಅದರಲ್ಲಿ ಇಲ್ಲದ ಗಿಡ ಜಿಲ್ಲೆಯಲ್ಲೇ ಇಲ್ಲ ಎಂಬುದು ಅವರ ಲೆಕ್ಕ. ಮಳೆಗಾಲದಲ್ಲಿ ಯಾಕೆ ಹೋಗುವುದಿಲ್ಲ ಎಂದು ಯಾರಾದರೂ ಕೇಳಿದರೆ, "ಹಾಳೆ ಒಣಗೋದಿಲ್ಲ, ಬೂಷ್ಟು ಬರ್ತದೆ," ಎನ್ನುತ್ತಿದ್ದರು. ಮಳೆಗಾಲದಲ್ಲಿ ಕಾಲಿಗೆ ಹತ್ತಿ ರಕ್ತ ಹೀರುವ ಉಂಬಳದ ಹೆಸರು ಹೇಳುತ್ತಿರಲಿಲ್ಲ.

ಅವರ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದವಳು ಬೊಬ್ರುವಾಡದ ಕುಸುಮಾ. ಅಂಕೋಲಾ ತಾಲೂಕಿನ ಸಸ್ಯಗಳು ಅವಳ ವಿಷಯ. ಈ ಹುಡುಗಿ ಮೂರು ಮಳೆಗಾಲ ಸುಂಕಸಾಳದ ಮೇಲಿನ ಕಲ್ಲುಹಾಸುಗಳನ್ನು ಹತ್ತಿ ಇಳಿದಳು. ವರ್ಷವಿಡೀ ಕಾದ ಹೆಂಚಿನಂತೆ ಬಿದ್ದಿರುವ ಆ ಬಂಡೆಗಳ ಮೇಲೆ ಜುಲೈನಲ್ಲಿ ಹದಿನೈದು ದಿನ ಮಾತ್ರ ಸಾಸಿವೆ ಕಾಳಿನಷ್ಟು ನೀಲಿ ಹೂಗಳು ಬರುತ್ತವೆ. ಬೇರಿನ ಹತ್ತಿರ ಪುಟ್ಟ ಚೀಲ ಇಟ್ಟುಕೊಂಡು ಹುಳ ಹಿಡಿದು ತಿನ್ನುವ ಗಿಡಗಳು ಅವು. ಆಗಸ್ಟಿನಲ್ಲಿ ಹೋದರೆ ಗುರುತೂ ಇಲ್ಲ.

ಒಣಗಿಸುವ ದಾರಿ ತೋರಿಸಿದವಳು ಹೊನ್ನಿ. ಸುಂಕಸಾಳದಲ್ಲಿ ಕೂಲಿ ಮಾಡುವ ಹೆಂಗಸು, ಕುಸುಮಾಳ ಜೊತೆ ಬಂಡೆ ಹತ್ತುತ್ತಿದ್ದಳು. ಅವಳ ಮನೆಯ ಒಲೆಯ ಮೇಲೆ ಬಿದಿರಿನ ಅಟ್ಟ. ಒಣಮೀನು, ಮುರುಗಲು ಸಿಪ್ಪೆ, ಬಿತ್ತನೆ ಬೀಜ ಎಲ್ಲ ಮಳೆಗಾಲ ಕಳೆಯುವುದು ಅಲ್ಲೇ.

"ಬಂಗಡೆ ಒಣಗೂಕೆ ಆತದೆ, ನಿನ್ ಸೊಪ್ಪು ಒಣಗೂಕೆ ಆಗೂದಿಲ್ವಾ ತಂಗೀ?" ಎಂದಳಂತೆ.

ದಿನಾ ಪೇಪರ್ ಬದಲಿಸಿ, ಸಣ್ಣ ಉರಿಯಲ್ಲಿ ಬಿಟ್ಟರೆ ಹೂವಿನ ನೀಲಿಯೂ ಉಳಿಯಿತು. ನಲವತ್ತೊಂದು ಹಾಳೆ ತಯಾರಾದವು. ದೇವಿದಾಸರ ಪುಸ್ತಕದಲ್ಲಿ ಅವುಗಳ ಪೈಕಿ ಒಂದೂ ಇರಲಿಲ್ಲ.

ಕುಸುಮಾ ಆ ಕಟ್ಟನ್ನು ಮೇಜಿನ ಮೇಲೆ ತಂದಿಟ್ಟಾಗ ಸರ್ ಮೇಲಿನ ಹಾಳೆಯನ್ನು ಮೂಗಿಗೆ ಹಿಡಿದರು. ಗಿಡ ನೋಡಲಿಲ್ಲ.

"ಬಂಗಡೆ ವಾಸನೆ. ಇದು ಹರ್ಬೇರಿಯಮ್ಮೋ ಮೀನು ಮಾರ್ಕೆಟ್ಟೋ?"

"ಸರ್, ಗಿಡ ನೋಡಿ ಸರ್."

"ನನ್ನ ಪುಸ್ತಕದಲ್ಲಿಲ್ಲ. ಅಂದ್ರೆ ಗೋವೆಯಿಂದಲೋ ಎಲ್ಲಿಂದಲೋ ತಂದಿರ್ಬೇಕು."

"ಸುಂಕಸಾಳದ್ದು ಸರ್. ನಾಳೆ ಬನ್ನಿ, ತೋರಿಸ್ತೇನೆ."

"ಈ ಮಳೆಯಲ್ಲಾ? ಪ್ರಬಂಧದಿಂದ ಈ ಗಿಡಗಳ ಅಧ್ಯಾಯ ತೆಗೆದು ತಾ, ಸಹಿ ಹಾಕ್ತೇನೆ. ಇಲ್ಲದಿದ್ರೆ ಇಲ್ಲ."

ಪ್ರಬಂಧ ಜುಲೈ ಮೂವತ್ತೊಂದರೊಳಗೆ ಧಾರವಾಡದ ವಿಶ್ವವಿದ್ಯಾಲಯ ಮುಟ್ಟಬೇಕಿತ್ತು. ಮುಟ್ಟದಿದ್ದರೆ ಅವಳ ಹೆಸರು ರದ್ದು. ಕುಸುಮಾ ಅಧ್ಯಾಯ ತೆಗೆಯಲಿಲ್ಲ. ಹಾಳೆಗಳನ್ನು ಹಾಗೇ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಹೊನ್ನಿಯ ಅಟ್ಟಕ್ಕೆ ವಾಪಸ್ಸು ಏರಿಸಿ ಬಂದಳು. ಪ್ರಬಂಧದ, ಸರ್ ಸಹಿಯಾಗದ ಪ್ರಮಾಣಪತ್ರದ ಪುಟವನ್ನು ಚೀಲದಲ್ಲೇ ಇಟ್ಟುಕೊಂಡು ಓಡಾಡಿದಳು.

ಅಷ್ಟರಲ್ಲಿ ಒಂದು ಪತ್ರ ಬಂತು. ನಮ್ಮ ಕಪಾಟಿಗೆ ಪ್ರಾದೇಶಿಕ ಸಂಗ್ರಹ ಎಂಬ ಮಾನ್ಯತೆ ಕೊಡಬೇಕೋ ಬೇಡವೋ ನೋಡಲು ಧಾರವಾಡದಿಂದ ವೈಜಯಂತಿ ಬಾಯಿ ಎಂಬ ಹಿರಿಯ ವಿದ್ವಾಂಸರು ಜುಲೈ ಇಪ್ಪತ್ತೇಳಕ್ಕೆ ಬರುತ್ತಾರೆ, ಪ್ರತಿ ಕಾಲದ ಸಂಗ್ರಹವನ್ನೂ, ಮಳೆಗಾಲಕ್ಕೆ ಜುಲೈ ತಿಂಗಳದ್ದನ್ನು, ಬೇರೆಬೇರೆಯಾಗಿ ತೋರಿಸಬೇಕು ಎಂದು.

ದೇವಿದಾಸ ಸರ್ ಒಂದು ಗಂಟೆ ಬೆವರಿದರು. ಆಮೇಲೆ ನನ್ನನ್ನು ಕರೆದರು.

"ಸೋಮು, ಮೂರನೇ ಖಾನೆಯ ಕಟ್ಟು ತೆಗಿ. ಮೂವತ್ತು ಹಾಳೆಗೆ ಹೊಸ ಚೀಟಿ. ತಾರೀಕು ಜುಲೈ ಹದಿನಾಲ್ಕು ಹಾಕು."

ಮೂರನೇ ಖಾನೆಯಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು, ಏಕೆಂದರೆ ಅಂಟಿಸಿದವನು ನಾನು. ಮಾವು, ಗೇರು, ಅಮಟೆ, ಒಂದೇ ಕುಟುಂಬದವು. ಎಲ್ಲ ಚಳಿಗಾಲ ಮುಗಿಯುವ ಹೊತ್ತಿಗೆ ಹೂ ಬಿಡುವಂಥವು.

"ಸರ್, ಅದು ಗೇರು..."

"ಬಾಟನಿ ನಾನು ನೋಡ್ಕೊಳ್ತೇನೆ. ನೀ ಟೈಪ್ ಮಾಡು."

ಬಾಟನಿಯನ್ನು ಅವರಿಗೇ ಬಿಟ್ಟು ನಾನು ಟೈಪ್ ಮಾಡಿದೆ. ಒಂದೂ ತಪ್ಪಿಲ್ಲದೆ ಮೂವತ್ತು ಚೀಟಿ. ಅಷ್ಟು ಮನಸ್ಸಿಟ್ಟು ನಾನು ಎಂದೂ ಟೈಪ್ ಮಾಡಿದವನಲ್ಲ.

ವೈಜಯಂತಿ ಬಾಯಿ ಬಂದರು. ಕುಳ್ಳಗಿನ ಹೆಂಗಸು, ಸೀರೆಯ ಕೆಳಗೆ ಗಂಡಸರ ಕ್ಯಾನ್‌ವಾಸ್ ಬೂಟು. ಜನವರಿ ನೋಡಿದರು, ಫೆಬ್ರವರಿ ನೋಡಿದರು, ಜುಲೈ ಎಂದರು. ಸರ್ ಎರಡೂ ಕೈಯಲ್ಲಿ ಕಟ್ಟನ್ನು ಆರತಿತಟ್ಟೆಯಂತೆ ಮುಂದಿಟ್ಟರು. ಬಾಯಿಯವರು ಮೊದಲ ಹಾಳೆಯನ್ನು ಬಹಳ ಹೊತ್ತು ನೋಡಿದರು.

"ಗೇರುಹೂ. ಏನ್ರಿ ಪ್ರೊಫೆಸರ್, ನಿಮ್ಮೂರಾಗ ಆಷಾಢದಾಗ ಗೇರು ಹೂ ಬಿಡ್ತದ?"

"ಅದು... ಅಟೆಂಡರ್ ತಪ್ಪು ಮೇಡಂ. ಇವ್ರಿಗೆಲ್ಲ ಎಷ್ಟು ಹೇಳಿದ್ರೂ..."

ಬಾಯಿಯವರು ನನ್ನ ಕಡೆ ತಿರುಗಿದರು. "ಏನಪಾ, ಮೂವತ್ತೂ ತಪ್ಪು ಟೈಪ್ ಮಾಡಿದ್ಯಾ?"

"ಸರ್ ಹೇಳಿದ್ದೇ ಮಾಡಿದ್ದು ಅಮ್ಮಾ. ಗೇರು ಅಂತ ಹೇಳೂಕೆ ಹೋದೆ, ಬಾಟನಿ ನಾನು ನೋಡ್ಕೊಳ್ತೇನೆ ಅಂದ್ರು."

ಸರ್‌ಗೆ ಆಗ ನೆನಪಾಯಿತು ನೋಡಿ, ತನಗೊಬ್ಬ ವಿದ್ಯಾರ್ಥಿನಿ ಇದ್ದಾಳೆ ಎಂದು. ಜಗಲಿಯಲ್ಲಿ ನಿಂತಿದ್ದವಳನ್ನು ಬಾಯಿತುಂಬ ಕರೆದರು.

"ಕುಸುಮಾ! ಬಾಮ್ಮಾ! ನಮ್ಮ ಜುಲೈ ಸಂಗ್ರಹ ಎಲ್ಲಿಟ್ಟಿ?"

"ನಮ್ಮದು ಸುಂಕಸಾಳದಲ್ಲಿದೆ ಸರ್," ಎಂದಳು ಕುಸುಮಾ. "ಹೊನ್ನಿ ಮನೆ ಅಟ್ಟದ ಮೇಲೆ. ಮೀನಿನ ಪಕ್ಕ."

"ನಡೀರಿ, ಹೋಗೂಣು," ಎಂದು ಬಾಯಿಯವರು ಆಗಲೇ ಎದ್ದಿದ್ದರು.

ಜೀಪಿನಲ್ಲಿ ಎರಡು ತಾಸು. ಮಳೆ ಹೇಗೆ ಹೊಡೆಯುತ್ತಿತ್ತೆಂದರೆ ಗಂಗಾವಳಿ ಹೊಳೆ ಎಲ್ಲಿ, ರಸ್ತೆ ಎಲ್ಲಿ ತಿಳಿಯುತ್ತಿರಲಿಲ್ಲ. ರಾಮನಗುಳಿ ಬಂದಾಗ ಸರ್ ರೂಢಿಯಂತೆ ಡ್ರೈವರನ ಭುಜ ಮುಟ್ಟಿದರು. ಬಾಯಿಯವರು ತಿರುಗಿ ನೋಡಿದ್ದಕ್ಕೆ ಕೈ ತೆಗೆದರು. ಸುಂಕಸಾಳದಲ್ಲಿ ಇಳಿದು ಗದ್ದೆಯಂಚಿನ ಮೇಲೆ ಅರ್ಧ ಮೈಲಿ ನಡಿಗೆ. ಜಿಲ್ಲೆಯ ಸಸ್ಯಗಳ ತಜ್ಞರು ತಮ್ಮ ಹನ್ನೆರಡು ವರ್ಷದ ವಿದ್ವತ್ತಿನಲ್ಲಿ ಮೊದಲ ಸಲ ಡಾಂಬರು ಬಿಟ್ಟು ಕಾಲಿಟ್ಟರು, ಮತ್ತು ಎರಡು ಸಲ ಬಿದ್ದರು.

ಹೊನ್ನಿ ಒಲೆಯ ಮುಂದಿದ್ದಳು. "ಒಳಗ್ ಬನ್ನಿ, ಒಳಗ್ ಬನ್ನಿ. ಇವ್ರೆಂತಕ್ಕೆ ಹೀಗೆ ಮಣ್ಣಾಗಿದ್ರು? ನಾಟಿ ಮಾಡೂಕೆ ಹೋಗಿದ್ರಾ?"

ಕುಸುಮಾ ಕಟ್ಟು ಇಳಿಸಿ ಬಿಚ್ಚಿದಳು. ಬಾಯಿಯವರು ಚೀಲದಿಂದ ಭೂತಗನ್ನಡಿ ತೆಗೆದು ನೆಲದ ಮೇಲೆ ಕೂತರು. ನಲವತ್ತೊಂದು ಹಾಳೆಯನ್ನೂ ಒಂದೊಂದಾಗಿ ನೋಡಿದರು. ಪ್ರತಿ ಚೀಟಿಯಲ್ಲಿ 'ಕುಸುಮಾ ಮತ್ತು ಹೊನ್ನಿ' ಎಂದಿತ್ತು. ಕೊನೆಯ ಹಾಳೆ ಕೆಳಗಿಟ್ಟು ಕೇಳಿದರು.

"ಇದರ ಮ್ಯಾಲೆ ಥೀಸಿಸ್ ಬರದೀಯೇನ?"

"ಬರ್ದಿದ್ದೇನೆ ಮೇಡಂ. ಸರ್ ಸಹಿ ಆಗ್ಲಿಲ್ಲ."

"ಯಾಕ?"

ಕುಸುಮಾ ಸರ್ ಕಡೆ ನೋಡಿದಳು. ಹೊನ್ನಿ ನೋಡಿದಳು. ನಾನೂ ನೋಡಿದೆ, ಯಾಕೆ ಬಿಡಲಿ?

"ಇಲ್ಲ ಇಲ್ಲ, ಮಾಡ್ಬೇಕಂತಲೇ ಇದ್ದೆ," ಎಂದರು ದೇವಿದಾಸ ಸರ್. "ಎಲ್ಲ ಅಧ್ಯಾಯನೂ ಸೇರಿಸಿ. ಪುಟ ಇಲ್ಲಿದ್ರೆ ಈಗ್ಲೇ..."

ಪುಟ ಇತ್ತು. ಆದರೆ ದಾರಿಯಲ್ಲಿ ತೇವ ಹಿಡಿದು ಮೆತ್ತಗಾಗಿತ್ತು. ಪೆನ್ನು ಊರಿದರೆ ಶಾಯಿ ಹರಡುತ್ತಿತ್ತು. ಹೊನ್ನಿ ಅದನ್ನು ಕಿತ್ತುಕೊಂಡು ಒಲೆಯ ಮೇಲೆ ಎರಡು ಕೈಯಲ್ಲಿ ಹಿಡಿದಳು, ಹಪ್ಪಳ ಸುಡುವವಳ ಹಾಗೆ ತಿರುವಿ ತಿರುವಿ. ಒಣಗಿದ ಮೇಲೆ ಮಣೆಯ ಮೇಲಿಟ್ಟಳು. ಸರ್ ಮಣ್ಣಿನ ಪ್ಯಾಂಟಿನಲ್ಲಿ ಒಲೆಯ ಬದಿಗೆ ಮೊಣಕಾಲೂರಿದರು. ಹೊಗೆ ಸೀದಾ ಮುಖಕ್ಕೆ ಬಡಿದು ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು. ಸಹಿ ಹಾಕಿದರು, ಕೆಳಗೆ ತಾರೀಕೂ ಹಾಕಿದರು.

ಕುಸುಮಾ ಪುಟವನ್ನು ಎತ್ತಿಕೊಂಡು ಸೀರೆಯ ಒಳಗೆ ಎದೆಗೆ ಒತ್ತಿಕೊಂಡಳು. ಹೊನ್ನಿ ಮಾತ್ರ ಸರ್ ಮುಖವನ್ನೇ ನೋಡುತ್ತಿದ್ದಳು.

"ಅಳೂದೆಂತಕ್ಕೆ ಒಡೆಯಾ," ಎಂದಳು. "ಒಂದ್ ಸಹಿ ಅಲ್ವಾ?"