ಮಹಾರಾಣಿಯ ದನಿಯಲ್ಲಿ ಮಾಡಿದ ಫೋನು

ಫೋನು ಮಾಡಿದ್ದೇನೋ ಅವಳೇ, ಆದರೆ ಮಾತಾಡಿದ್ದು ಮಹಾರಾಣಿ. ಇಂಥ ಎಡವಟ್ಟು ಅವಳ ಕಸುಬಿನವರಿಗಲ್ಲದೆ ಇನ್ಯಾರಿಗೆ ತಾನೇ ಆದೀತು! ಹುಡುಗಿಯಾಗಿದ್ದಾಗಿನಿಂದಲೂ ಸಿನಿಮಾ, ಧಾರಾವಾಹಿಗಳಿಗೆ ಡಬ್ಬಿಂಗ್ ಮಾಡುತ್ತ ಬಂದವಳು. ಪರದೆಯ ಮೇಲಿನ ತುಟಿ ಯಾರದೋ, ದನಿ ಇವಳದು. ಕೌನ್ಸೆಲರ್ ನಂಬರು ಒತ್ತಿ, ಆ ಕಡೆಯಿಂದ "ಹಲೋ" ಕೇಳಿದ್ದೇ ತಡ, ಬಾಯಿಗೆ ಬಂದದ್ದು ಆಗಷ್ಟೇ ಮುಗಿಸಿದ್ದ ಧಾರಾವಾಹಿಯ ಮಹಾರಾಣಿಯ ಗತ್ತಿನ ದನಿ. "ನಮಗೆ ತಮ್ಮ ಸಮಯ ಬೇಕಾಗಿತ್ತು" ಎಂದುಬಿಟ್ಟಳು. ಪಕ್ಕದಲ್ಲಿ ಕೂತಿದ್ದ ಗಂಡ ಬಿದ್ದು ಬಿದ್ದು ನಕ್ಕ. ಕನ್ನಡಕದಂಗಡಿ ಇಟ್ಟುಕೊಂಡ ಮನುಷ್ಯ, ನಗುವಿಗೆ ಮಾತ್ರ ಬಡತನವಿಲ್ಲ.

"ನಗ್ಬೇಡಿ ರೀ, ನನ್ನ ಕಷ್ಟ ನನಗೆ."

"ಸಿಂಹಾಸನ ಇದೆಯಾ ಅಂತಾನೂ ಕೇಳ್ಬೇಕಿತ್ತು ಕಣೇ."

ಕಷ್ಟ ಏನೆಂದರೆ, ಅವಳ ತಂಗಿ ತೀರಿಹೋಗಿದ್ದಳು. ಒಬ್ಬಳೇ ತಂಗಿ, ಇವಳ ಬಾಯಲ್ಲಿ ಯಾವಾಗಲೂ ಚೋಟು. ಜ್ವರ ಎಂದು ಆಸ್ಪತ್ರೆಗೆ ಹೋದವಳು ಮನೆಗೆ ಬರಲೇ ಇಲ್ಲ. ಬಂದವರೆಲ್ಲ ಗೋಳೋ ಎಂದು ಅತ್ತರು, ಇವಳೊಬ್ಬಳ ಕಣ್ಣಲ್ಲಿ ಒಂದು ಹನಿ ನೀರಿಲ್ಲ. "ಕಲ್ಲೆದೆ ಇವಳದು" ಎಂದು ಚಿಕ್ಕಮ್ಮ ಗೊಣಗಿದ್ದೂ ಕಿವಿಗೆ ಬಿತ್ತು. ಅನ್ನುವವರು ಅನ್ನಲಿ ಬಿಡಿ. ಆದರೆ ಅಳು ಎಲ್ಲಿಗೆ ಹೋಯಿತೆಂದು ಅವಳಿಗೇ ಗೊತ್ತಿರಲಿಲ್ಲ, ಅದೇ ಅವಳ ಭಯ. ಈಗ ಕೆಲಸಕ್ಕೂ ಕುತ್ತು ಬಂದಿತ್ತು. ಹೊಸ ಸಿನಿಮಾದಲ್ಲಿ ಅಕ್ಕ ತಂಗಿಯನ್ನು ಕೂಗಿ ಕರೆಯುವ ಒಂದೇ ಒಂದು ಮಾತು, ಅದಕ್ಕೆ ಗಂಟಲು ಕಟ್ಟಿಬಿಡುತ್ತಿತ್ತು. ಸ್ಟುಡಿಯೋದ ಕತ್ತಲ ಕೋಣೆ, ಎದುರಿಗೆ ಪರದೆಯಷ್ಟಗಲದ ತುಟಿಗಳು ತೆರೆಯುತ್ತ ಮುಚ್ಚುತ್ತ ಇವಳಿಗಾಗಿ ಕಾಯುತ್ತಿದ್ದವು. ಗಾಜಿನಾಚೆಯಿಂದ ಸೌಂಡ್ ಎಂಜಿನಿಯರ್ ಒಳ್ಳೆಯ ಮಾತಲ್ಲೇ ಹೇಳಿದ: "ಮೇಡಂ, ಮುಂದಿನ ವಾರದವರೆಗೂ ಹೇಗೋ ತಳ್ತೀನಿ. ಆಮೇಲೆ ಬೇರೆಯವರನ್ನ ಕರೆಸ್ತಾರೆ."

ಆ ದಿನಗಳಲ್ಲಿ ಅವಳು ಓಡಾಡಿದ್ದೆಲ್ಲ ಅರೆನಿದ್ದೆಯಲ್ಲೇ. ಮಧ್ಯಾಹ್ನ ಮಂಚದ ಮೇಲೆ ಒರಗಿದರೆ ಸಾಕು, ತಾನು ದನಿ ಕೊಟ್ಟ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಬಂದು ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದರು. ಮಹಾರಾಣಿ, ಲಾಯರಮ್ಮ, ಸೊಸೆಯನ್ನು ಗೋಳು ಹೊಯ್ದುಕೊಂಡ ಅತ್ತೆ, ಹಲ್ಲು ಬಿದ್ದ ಪುಟ್ಟ ಹುಡುಗಿ. "ಇವತ್ತು ಯಾರು ಮಾತಾಡೋದು?" ಎಂದು ತಮ್ಮತಮ್ಮಲ್ಲೇ ಗುಸುಗುಸು. ಇವಳನ್ನು ಒಬ್ಬರೂ ಕೇಳುತ್ತಿರಲಿಲ್ಲ.

ಕೌನ್ಸೆಲರ್ ಮೊದಲ ಫೋನಿನಲ್ಲೇ ಎಲ್ಲ ಬಿಡಿಸಿ ಹೇಳಿದ್ದರು. "ರೂಮಿಗೂ ಬರಬಹುದು, ಫೋನಲ್ಲೂ ಮಾತಾಡಬಹುದು. ಒಂದು ಸಲಕ್ಕೆ ಮುಕ್ಕಾಲು ಗಂಟೆ. ಆಗಲ್ಲ ಅಂದ್ರೆ ಹಿಂದಿನ ದಿನವೇ ತಿಳಿಸಿಬಿಡಿ. ದಾರೀಲಿ ಸಿಕ್ಕಿದ್ರೆ ನಾನಾಗೇ ಮಾತಾಡ್ಸಲ್ಲ, ನೀವು ಮಾತಾಡ್ಸಿದ್ರೆ ಸರಿ. ನನಗೆ ಹೇಳಿದ್ದು ನನ್ನಲ್ಲೇ ಇರತ್ತೆ, ನಿಮ್ಮ ಜೀವಕ್ಕೇ ಅಪಾಯ ಅನ್ನಿಸಿದ್ರೆ ಮಾತ್ರ ಬೇರೆಯವರಿಗೆ ತಿಳಿಸ್ತೀನಿ."

ಫೋನೇ ವಾಸಿ ಎಂದಳು ಇವಳು. ಅಲ್ಲ, ಇನ್ನೇನು ಅನ್ನುತ್ತಾಳೆ! ಮೊದಲ ಸಲ ಮಹಾರಾಣಿ ಮಾತಾಡಿದಳು, ಎರಡನೇ ಸಲ ಲಾಯರಮ್ಮ. ಎಲ್ಲಿ ತಡೆಯಬೇಕು, ಎಲ್ಲಿ ಉಸಿರು ನಡುಗಬೇಕು, ಅದೆಲ್ಲ ಅವಳಿಗೆ ನೀರು ಕುಡಿದಷ್ಟು ಸಲೀಸು. ತಂಗಿಯ ಕಥೆಯನ್ನು ಎಳೆ ಎಳೆಯಾಗಿ ಹೇಳಿ ಮುಗಿಸಿ, ಫೋನಿಟ್ಟು, ಹೊಟ್ಟೆ ತುಂಬ ಊಟ ಮಾಡಿದಳು. ಒಳಗೆ ಏನೂ ಕದಲಿರಲಿಲ್ಲ. ಮರುದಿನ ಮೈಕಿನ ಮುಂದೆ ಮತ್ತೆ ಅದೇ ಗಂಟಲು, ಅದೇ ಪಾಡು.

ಕೊನೆಗೆ ಕೌನ್ಸೆಲರೇ ಬಾಯಿಬಿಟ್ಟರು. "ನೀವು ತುಂಬಾ ಚೆನ್ನಾಗಿ ಮಾತಾಡ್ತೀರ. ಅದೇ ನನಗೆ ತೊಂದರೆ. ಒಂದ್ಸಲ ರೂಮಿಗೆ ಬಂದು ನೋಡ್ತೀರಾ? ಬಲವಂತ ಏನಿಲ್ಲ. ನನ್ನ ಜೊತೆ ಸರಿಹೋಗಲ್ಲ ಅನ್ಸಿದ್ರೆ ಬೇರೆಯವರ ಹೆಸರು ನಾನೇ ಹೇಳ್ತೀನಿ, ನನಗೇನೂ ಬೇಜಾರಿಲ್ಲ."

ರೂಮು ಇದ್ದದ್ದು ದೀಪಗಳ ಅಂಗಡಿಯ ಮೇಲೆ. ಹಾಡಹಗಲಲ್ಲೇ ಕೆಳಗೆ ದೀಪಗಳೆಲ್ಲ ಉರಿಯುತ್ತಿದ್ದವು. ಮೆಟ್ಟಿಲು ಹತ್ತುವಾಗ ಅವಳ ಕೈಮೇಲೆ ಹಳದಿ, ನೀಲಿ, ಮತ್ತೆ ಹಳದಿ ಬೆಳಕು ಬಿದ್ದು ಜಾರುತ್ತಿತ್ತು, ಕಾಲು ನೆಲದ ಮೇಲಿದೆಯೋ ಇಲ್ಲವೋ ಎಂಬಂತಾಯಿತು. ಮೇಲೆ ಎರಡು ಕುರ್ಚಿ, ಗಾಳಿಗೆ ಆಡುವ ಕಿಟಕಿ ಪರದೆ, ಕಾಲಿಗೆ ಉಣ್ಣೆಯ ಕಾಲುಚೀಲ ಹಾಕಿಕೊಂಡ ಸಣ್ಣ ಹೆಂಗಸು, ಅವರೇ ಕೌನ್ಸೆಲರ್. ಮೈಕಿಲ್ಲ, ಮಾತು ಬರೆದ ಕಾಗದವಿಲ್ಲ. ಇವಳು ಮಹಾರಾಣಿಯ ದನಿಯಲ್ಲಿ "ನಮಸ್ಕಾರ" ಎಂದಳು. ಕೈಯಲ್ಲಿ ನೋಡಿದರೆ ಜಿಪ್ಪು ಕಿತ್ತು ಪಿನ್ನು ಚುಚ್ಚಿದ ಬ್ಯಾಗು! ಅವಳಿಗೇ ನಾಚಿಕೆಯಾಗಿ ತೆಪ್ಪಗೆ ಕೂತಳು.

"ರೂಮಿಗೆ ಬಂದವರನ್ನೆಲ್ಲ ಒಂದೆರಡು ಪ್ರಶ್ನೆ ಕೇಳ್ತೀನಿ," ಎಂದರು ಕೌನ್ಸೆಲರ್, ಪೆನ್ನು ತೆಗೆದುಕೊಳ್ಳುತ್ತ. "ಮಾತ್ರೆ ಏನಾದ್ರೂ ತಗೊಳ್ತಿದ್ದೀರಾ?"

"ಇಲ್ಲ."

"ಇಲ್ಲಿದ್ದಾಗ ನಿಮಗೆ ಇದ್ದಕ್ಕಿದ್ದ ಹಾಗೆ ಹುಷಾರು ತಪ್ಪಿದ್ರೆ ಯಾರಿಗೆ ಫೋನ್ ಮಾಡ್ಲಿ?"

ಇದಕ್ಕೆ ಅವಳು ಯಾವತ್ತೂ ಯೋಚಿಸಿದವಳಲ್ಲ. ಬ್ಯಾಂಕಿನವರು ಕೇಳಲಿ, ಆಸ್ಪತ್ರೆಯವರು ಕೇಳಲಿ, ಉತ್ತರ ಒಂದೇ. ಗಂಡ ಅಂಗಡಿಯಲ್ಲಿದ್ದರೆ ಫೋನು ಹೊಡೆದುಕೊಂಡು ಸಾಯಲಿ, ಅವನಿಗೆ ಕೇಳಿಸುವುದಿಲ್ಲ. ಚೋಟು ಮಾತ್ರ ಒಂದು ಸಲ ರಿಂಗಾಗುವಷ್ಟರಲ್ಲಿ ಎತ್ತುತ್ತಿದ್ದಳು, "ಹೇಳಕ್ಕಾ" ಎನ್ನುತ್ತಿದ್ದಳು. ಪಟಪಟನೆ ನಂಬರು ಹೇಳಿದಳು. ಕೌನ್ಸೆಲರ್ ಬರೆದುಕೊಂಡರು.

"ಇವರು ನಿಮಗೆ ಏನಾಗ್ಬೇಕು?"

"ತಂಗಿ."

ಪೆನ್ನು ನಿಂತಿತು. ಬರೆದದ್ದನ್ನು ಕೌನ್ಸೆಲರ್ ಹೊಡೆದು ಹಾಕಲಿಲ್ಲ. ಕೆಳಗೆ ಅಂಗಡಿಯಲ್ಲಿ ಯಾರೋ ಗಿರಾಕಿ ಚೌಕಾಸಿ ಮಾಡುತ್ತಿದ್ದ.

"ಅವಳಿಗೆ ಮಾಡ್ಬೇಡಿ ಮೇಡಂ," ಎಂದಿತು ಒಂದು ದನಿ. ಒಡಕು, ಮೂಗು ಕಟ್ಟಿದ್ದು, ಅರ್ಧ ಕೀರಲು. ಯಾವ ಎಂಜಿನಿಯರೂ ಒಪ್ಪದಂಥದ್ದು. ಇದು ಯಾರಪ್ಪಾ ಎಂದು ಅವಳೇ ಒಂದು ಕ್ಷಣ ತಬ್ಬಿಬ್ಬಾದಳು. ಅಷ್ಟರಲ್ಲಿ ಕಣ್ಣು ತುಂಬಿ ಕೆನ್ನೆಯೆಲ್ಲ ಒದ್ದೆಯಾಗಿತ್ತು. "ಅವಳು ಎತ್ತಲ್ಲ. ಎಷ್ಟು ಸಲ ಮಾಡಿದ್ರೂ ಎತ್ತಲ್ಲ. ನಾನು ದಿನಾ ಮಾಡಿ ನೋಡ್ತೀನಿ."